ಕಟಕಟೆಯಲ್ಲಿ ನಿಂತವರಿಗೆ ಮಾತು ಸಿಕ್ಕಿತೇ?

(ಕಾನೂನು ವಿದ್ಯಾರ್ಥಿಗಳು ಮತ್ತು ಸಿನಿಮಾ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾನೂನು ಓದುತ್ತಿರುವ ಮಕ್ಕಳು ಜಾಸ್ತಿ ಇದ್ದೀರಿ. ಸಿನಿಮಾ ಹುಚ್ಚಿನವರೂ ಇದ್ದೀರಿ. ಇಬ್ಬರಿಗೂ ಸೇರಿದ ವಿಷಯ ಇದು. ಹಿಂದಿ ಸಿನಿಮಾ ನ್ಯಾಯವನ್ನು ಹೇಗೆ ತೋರಿಸಿದೆ ಅಂತ ಕೆಲವೇ ಸಿನಿಮಾಗಳನ್ನು ಹಿಡಿದುಕೊಂಡು ಮಾತಾಡುತ್ತೇನೆ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಈ ಸಿನಿಮಾಗಳ ಜೀವ ಇರುವುದೇ ಅಲ್ಲಿ, ಹಾಗಾಗಿ ಬೇರೆ ದಾರಿ ಇಲ್ಲ.

ಹಿಂದಿ ಸಿನಿಮಾದ ಕೋರ್ಟು ಅಂದ ತಕ್ಷಣ ತುಂಬಾ ಜನರಿಗೆ ‘ದಾಮಿನಿ’ ನೆನಪಾಗುತ್ತದೆ. 1993ರ ಸಿನಿಮಾ, ರಾಜ್‌ಕುಮಾರ್ ಸಂತೋಷಿ ಅವರದು. ವಕೀಲನ ಪಾತ್ರದ ಸನ್ನಿ ದೇವಲ್ ಜಡ್ಜ್ ಮುಂದೆ ನಿಂತು, ವಾಯಿದೆ ಮೇಲೆ ವಾಯಿದೆ ಸಿಗುತ್ತಲೇ ಇದೆ, ನ್ಯಾಯ ಮಾತ್ರ ಸಿಗಲಿಲ್ಲ ಅಂತ ಗುಡುಗುತ್ತಾರೆ. ಆ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಅದು ಸುಳ್ಳೂ ಅಲ್ಲ. ಕೋರ್ಟು ಮೆಟ್ಟಿಲು ಹತ್ತಿದ ಯಾವ ಮನೆಯವರನ್ನು ಕೇಳಿದರೂ ಹೌದು ಅಂತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ.

ಆದರೆ ಆ ಕೇಸು ಯಾರದು? ಹೋಳಿ ಹಬ್ಬದ ದಿನ ಶ್ರೀಮಂತರ ಮನೆಯೊಳಗೆ ಅತ್ಯಾಚಾರಕ್ಕೆ ಒಳಗಾದ ಮನೆಕೆಲಸದ ಹುಡುಗಿಯದು. ಅವಳ ಹೆಸರು ಊರ್ಮಿ. ಆಸ್ಪತ್ರೆಯಲ್ಲೇ ಅವಳ ಕಥೆ ಮುಗಿಯುತ್ತದೆ. ಆ ಮನೆಯ ಸೊಸೆ ದಾಮಿನಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ ಅಂತ ನಿಲ್ಲುತ್ತಾಳೆ. ಅವಳಿಗೆ ಹುಚ್ಚಿ ಅನ್ನುವ ಪಟ್ಟ ಕಟ್ಟುತ್ತಾರೆ. ಗಂಡನ ಮನೆಯ ವಿರುದ್ಧ ಸೊಸೆ ಸಾಕ್ಷಿ ಹೇಳುವುದು ಸಣ್ಣ ಸಂಗತಿ ಅಲ್ಲ. ಅದಕ್ಕಾಗಿ ಆ ಸಿನಿಮಾದ ಮೇಲೆ ನನಗೆ ಗೌರವ ಇದೆ. ಆದರೂ ಜನರಿಗೆ ನೆನಪಿರುವುದು ವಕೀಲನ ಗುಡುಗು. ಊರ್ಮಿ ಏನು ಹೇಳಿದಳು ಅಂತ ಕೇಳಿ ನೋಡಿ. ಹೆಸರೇ ಯಾರಿಗೂ ನೆನಪಿರುವುದಿಲ್ಲ.

ಅದಕ್ಕೇ ಇಂಥ ಯಾವ ಸಿನಿಮಾ ನೋಡಿದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಅನ್ಯಾಯ ಯಾರಿಗೆ ಆಯಿತೋ ಅವರಿಗೆ ಇಲ್ಲಿ ಮಾತಾಡಲು ಸಿಕ್ಕಿತೇ? ಅವರು ಮಾತಾಡದಿದ್ದರೆ, ಅದು ಯಾಕೆ ಅಂತ ಸಿನಿಮಾಕ್ಕೆ ಗೊತ್ತಿದೆಯೇ?

1953ಕ್ಕೆ ಹೋಗೋಣ. ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’. ಶಂಭು ಎರಡು ಬೀಘಾ ಹೊಲ ಇರುವ ರೈತ. ಬೀಘಾ ಅಂದರೆ ಉತ್ತರದ ಕಡೆಯ ನೆಲದ ಅಳತೆ. ಆ ಹೊಲ ಇರುವುದು ಜಮೀನ್ದಾರನ ಜಮೀನಿನ ನಟ್ಟನಡುವೆ. ಜಮೀನ್ದಾರನಿಗೆ ಅಲ್ಲಿ ಮಿಲ್ಲು ಕಟ್ಟಬೇಕಿದೆ. ಶಂಭು ಮಾರುವುದಿಲ್ಲ ಅನ್ನುತ್ತಾನೆ. ಹಾಗಾದರೆ ಹಳೇ ಸಾಲ ತೀರಿಸು ಅಂತ ಜಮೀನ್ದಾರ ಪಟ್ಟು ಹಿಡಿಯುತ್ತಾನೆ. ಸಾಲ 65 ರೂಪಾಯಿ ಅಂತ ಶಂಭುವಿನ ಲೆಕ್ಕ. ಮನೆಯ ಸಾಮಾನು, ಹೆಂಡತಿಯ ಓಲೆ ಎಲ್ಲ ಮಾರಿ ಹೊಂದಿಸಿಕೊಂಡು ಹೋದರೆ, ಲೆಕ್ಕ ಬರೆಯುವ ಮುನೀಮನ ಪುಸ್ತಕದಲ್ಲಿ 235 ಅಂತ ಬರೆದಿದೆ. ಕೂಲಿ ಮಾಡಿ ತೀರಿಸಿದ್ದಕ್ಕೆ ರಸೀದಿ ಇಲ್ಲ. ಕೋರ್ಟಿಗೆ ಹೋಗುತ್ತಾನೆ. ಮೂರು ತಿಂಗಳಲ್ಲಿ 235 ರೂಪಾಯಿ ಕಟ್ಟಬೇಕು, ಇಲ್ಲವಾದರೆ ಹೊಲ ಹರಾಜು ಅಂತ ತೀರ್ಪು ಬರುತ್ತದೆ.

ಇಲ್ಲಿ ಜಡ್ಜ್ ಕೆಟ್ಟವನಲ್ಲ, ಲಂಚ ತಿಂದವನಲ್ಲ. ಅವನ ಮುಂದೆ ಒಂದು ಕಡೆ ಬರೆದಿಟ್ಟ ಪುಸ್ತಕ ಇದೆ, ಇನ್ನೊಂದು ಕಡೆ ಓದು ಬರಹ ಬಾರದ ಮನುಷ್ಯನ ಬಾಯಿಮಾತು ಇದೆ. ಕೋರ್ಟು ಕಾಗದವನ್ನು ನಂಬಿತು. ಶಂಭು ಮಾತಾಡಿದ, ಆದರೆ ಅವನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ನಾಳೆ ನೀವು ವಕಾಲತ್ತು ಹಾಕುವ ಎಷ್ಟೋ ಜಮೀನು ಕೇಸುಗಳಲ್ಲಿ ಇದೇ ಶಂಭು ನಿಮ್ಮ ಮುಂದೆ ಬಂದು ಕೂರುತ್ತಾನೆ. ‘ಕೊಟ್ಟಿದ್ದೀನಿ ಸ್ವಾಮಿ, ದೇವರಾಣೆ ಕೊಟ್ಟಿದ್ದೀನಿ’ ಅಂತಾನೆ. ರಸೀದಿ ಎಲ್ಲಿ ಅಂತ ನೀವು ಕೇಳಲೇಬೇಕಾಗುತ್ತದೆ.

ಆ ದುಡ್ಡಿಗಾಗಿ ಶಂಭು ಮಗನನ್ನು ಕರೆದುಕೊಂಡು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ಬಲರಾಜ್ ಸಾಹ್ನಿ ಈ ಪಾತ್ರಕ್ಕಾಗಿ ಕಲ್ಕತ್ತೆಯ ಬೀದಿಗಳಲ್ಲಿ ನಿಜವಾಗಿ ರಿಕ್ಷಾ ಎಳೆದರು. ಜಾಸ್ತಿ ಕಾಸಿನ ಆಸೆಗೆ ಅವನು ರಿಕ್ಷಾವನ್ನು ಜೋರಾಗಿ, ಇನ್ನೂ ಜೋರಾಗಿ ಎಳೆಯುವ ಒಂದು ದೃಶ್ಯ ಇದೆ. ಕೂತವರಿಗೆ ಅದು ಆಟ. ಚಕ್ರ ಕಳಚಿಕೊಂಡು ಶಂಭು ನೆಲಕ್ಕೆ ಬೀಳುತ್ತಾನೆ. ಕೊನೆಗೆ ಊರಿಗೆ ಬಂದರೆ ಹೊಲದ ಜಾಗದಲ್ಲಿ ಮಿಲ್ಲು ಏಳುತ್ತಿದೆ. ಒಂದು ಹಿಡಿ ಮಣ್ಣು ಎತ್ತಿಕೊಳ್ಳಲು ಹೋದರೆ ಕಾವಲುಗಾರ ಅದನ್ನೂ ಬಿಡುವುದಿಲ್ಲ. ಸ್ವಾತಂತ್ರ್ಯ ಬಂದು ಆರು ವರ್ಷಕ್ಕೆ ಇಂಥ ಸಿನಿಮಾ ಮಾಡಿದ್ದಕ್ಕೆ ಎದೆಗಾರಿಕೆ ಬೇಕಿತ್ತು.

ಮುಂದೆ 1974. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’. ಜಮೀನ್ದಾರನ ಮಗ ಸೂರ್ಯನಾಗಿ ನಮ್ಮ ಅನಂತ್ ನಾಗ್. ಹಿಂದಿಯಲ್ಲಿ ಅವರ ಮೊದಲ ಸಿನಿಮಾ ಇದು. ಇದರಲ್ಲಿ ಕುಂಬಾರ ಕಿಷ್ಟಯ್ಯನಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಕೊನೆಯಲ್ಲಿ ಅವನು ಕೆಲಸ ಕೇಳಲು ಸಂತೋಷದಿಂದ ಬರುತ್ತಾನೆ. ಅವನ ಹೆಂಡತಿ ಲಕ್ಷ್ಮಿಯನ್ನು ಬಸಿರು ಮಾಡಿದ ಸೂರ್ಯ, ಸೇಡು ತೀರಿಸಿಕೊಳ್ಳಲು ಬಂದ ಅಂತ ಹೆದರಿ ಚಾವಟಿ ಎತ್ತುತ್ತಾನೆ. ಯಾಕೆ ಹೊಡೆಯುತ್ತೀರಿ ಅಂತ ಕೇಳಲೂ ಕಿಷ್ಟಯ್ಯನಿಗೆ ಬಾಯಿ ಇಲ್ಲ. ಲಕ್ಷ್ಮಿ ಓಡಿ ಬಂದು ಗಂಡನನ್ನು ತಬ್ಬಿಕೊಂಡು ಸೂರ್ಯನಿಗೆ ಹಿಡಿಶಾಪ ಹಾಕುತ್ತಾಳೆ. ಶಬಾನಾ ಆಜ್ಮಿ ಅವರ ಆ ಶಾಪ ಇಡೀ ಊರಿಗೆ ಕೇಳುತ್ತದೆ. ಪೊಲೀಸರಿಲ್ಲ, ಕೋರ್ಟಿಲ್ಲ. ಆದರೂ ಅಲ್ಲಿ ಒಂದು ವಿಚಾರಣೆ ನಡೆದಂತೆ ನನಗೆ ಅನಿಸುತ್ತದೆ.

‘ಅಂಕುರ್’ಗೆ ಕ್ಯಾಮೆರಾ ಹಿಡಿದವರು ಗೋವಿಂದ್ ನಿಹಲಾನಿ. ಅವರು ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆಮೇಲೆ ಗುರುದತ್ ಸಿನಿಮಾಗಳ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಅವರ ಕೈಕೆಳಗೆ ಪಳಗಿದರು. ಆ ನಿಹಲಾನಿ ನಿರ್ದೇಶಕರಾಗಿ 1980ರಲ್ಲಿ ಮಾಡಿದ ಸಿನಿಮಾ ‘ಆಕ್ರೋಶ್’. ವಿಜಯ್ ತೆಂಡೂಲ್ಕರ್ ಬರೆದದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ.

ಲಹನ್ಯಾ ಭೀಕು ಆದಿವಾಸಿ ಕೂಲಿ. ಹೆಂಡತಿ ನಾಗಿಯನ್ನು ಕೊಂದ ಆರೋಪ ಅವನ ಮೇಲಿದೆ. ವಕೀಲರನ್ನು ಇಡುವ ಶಕ್ತಿ ಇಲ್ಲ. ಕೋರ್ಟೇ ಭಾಸ್ಕರ್ ಕುಲಕರ್ಣಿ ಅನ್ನುವ ಹೊಸ ವಕೀಲನನ್ನು ನೇಮಿಸುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಬಡವರಿಗೆ ಉಚಿತ ಕಾನೂನು ನೆರವು ಅನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣ ಬಂತು. ತಪ್ಪು ಸಾಬೀತಾಗಿದ್ದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಪ್ರಕರಣ ಅದು. ವಕೀಲರನ್ನು ಇಡಲು ಆಗದ ಆರೋಪಿಗೆ ಸರ್ಕಾರ ವಕೀಲರನ್ನು ಕೊಡಬೇಕು, ಅದು ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿಯ ಒಳಗೇ ಇರುವ ಹಕ್ಕು ಅಂತ ಸುಪ್ರೀಂ ಕೋರ್ಟು ಹೇಳಿತು. ಅದಾದ ಮರುವರ್ಷವೇ ‘ಆಕ್ರೋಶ್’ ಬಂತು. ವಕೀಲನನ್ನು ಕೊಟ್ಟಿದ್ದಾಯಿತು, ಈಗ ಏನು ಅನ್ನುವುದು ಈ ಸಿನಿಮಾದ ಪ್ರಶ್ನೆ.

ಭಾಸ್ಕರ್ ಜೈಲಿಗೆ ಹೋಗುತ್ತಾನೆ. ಏನಾಯಿತು ಹೇಳು ಅಂತ ಕೇಳುತ್ತಾನೆ. ಲಹನ್ಯಾ ತಲೆ ಬಗ್ಗಿಸಿ ಕೂತಿರುತ್ತಾನೆ. ಮತ್ತೆ ಹೋಗುತ್ತಾನೆ, ಮತ್ತೆ ಕೇಳುತ್ತಾನೆ. ಒಳ್ಳೆಯ ಮಾತಿನಲ್ಲಿ ಕೇಳುತ್ತಾನೆ, ರೇಗಿಯೂ ಕೇಳುತ್ತಾನೆ. ಒಂದಕ್ಷರ ಬರುವುದಿಲ್ಲ. ಓಂ ಪುರಿ ಅವರ ಮುಖದ ಮೇಲೆ ಕ್ಯಾಮೆರಾ ನಿಂತೇ ಇರುತ್ತದೆ. ಉರಿಯುವ ಆ ಕಣ್ಣುಗಳನ್ನು ನೋಡುತ್ತಾ ಹೋದಂತೆ ನಮಗೆ ಒಂದು ವಿಷಯ ಹೊಳೆಯುತ್ತದೆ. ಇವನಿಗೆ ಎಲ್ಲ ಗೊತ್ತು. ಹೇಳಿದರೂ ಏನೂ ಆಗುವುದಿಲ್ಲ ಅನ್ನುವುದೂ ಗೊತ್ತು. ಊರಿನ ಕಾಡಿನ ಗುತ್ತಿಗೆದಾರ, ರಾಜಕಾರಣಿ, ಪೊಲೀಸ್ ಅಧಿಕಾರಿ, ಡಾಕ್ಟರು ಎಲ್ಲ ಒಂದೇ ಕ್ಲಬ್ಬಿನಲ್ಲಿ ಕೂತು ಇಸ್ಪೀಟು ಆಡುವವರು. ನಾಗಿಯ ಮೇಲೆ ಅತ್ಯಾಚಾರ ಮಾಡಿ ಕೊಂದವರು ಅಂಥ ದೊಡ್ಡವರೇ. ಆ ಕೂಟದ ಊರಿನಲ್ಲಿ ಲಹನ್ಯಾ ಯಾರಿಗೆ ದೂರು ಹೇಳಬೇಕು?

ಈ ಸಿನಿಮಾದಲ್ಲಿ ಇನ್ನೊಬ್ಬ ಮೌನಿ ಇದ್ದಾನೆ. ಸರ್ಕಾರಿ ವಕೀಲ ದುಸಾನೆ. ಅಮರೀಶ್ ಪುರಿ ಮಾಡಿದ ಪಾತ್ರ. ಭಾಸ್ಕರನಿಗೆ ಕೆಲಸ ಕಲಿಸಿದ ಗುರು ಅವನು. ಹುಟ್ಟಿನಿಂದ ಅವನೂ ಆದಿವಾಸಿ. ಓದಿ ಮೇಲೆ ಬಂದವನು. ಅವನ ಮನೆಗೆ ಫೋನು ಬರುತ್ತದೆ, ಎತ್ತಿದರೆ ಆ ಕಡೆಯಿಂದ ಜಾತಿ ಹಿಡಿದು ಬೈಗುಳ. ಅವನು ಕೇಳಿಸಿಕೊಂಡು ಸುಮ್ಮನೆ ಫೋನಿಡುತ್ತಾನೆ, ಸಂಜೆ ಹೋಗಿ ಅದೇ ಕ್ಲಬ್ಬಿನಲ್ಲಿ ಕೂರುತ್ತಾನೆ. ಕಾನೂನು ಬಲ್ಲವನು, ಕೋಟು ಹಾಕಿದವನು, ಇಂಗ್ಲಿಷ್ ಮಾತಾಡುವವನು. ಅವನಿಗೂ ಬಾಯಿ ಇಲ್ಲ. ಲಹನ್ಯಾನ ಮೌನಕ್ಕಿಂತ ದುಸಾನೆಯ ಮೌನ ನನ್ನನ್ನು ಹೆಚ್ಚು ಕಾಡಿದೆ. ಮೇಲೆ ಬಂದವರು ಕೆಳಗಿನವರ ಪರ ಮಾತಾಡುತ್ತಾರೆ ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಹಾಗೆ ಮಾತಾಡಿದರೆ ಅವರು ಕಳೆದುಕೊಳ್ಳುವುದು ಎಷ್ಟು ಅಂತ ತೆಂಡೂಲ್ಕರ್ ಲೆಕ್ಕ ಹಾಕಿ ತೋರಿಸಿದ್ದಾರೆ.

ಕೊನೆ ನಿಮಗೆ ಗೊತ್ತಿರಬಹುದು. ಅಪ್ಪನ ಅಂತ್ಯಕ್ರಿಯೆಗೆ ಲಹನ್ಯಾನನ್ನು ಕೋಳ ಹಾಕಿ ಕರೆತರುತ್ತಾರೆ. ಅಲ್ಲಿ ಗುತ್ತಿಗೆದಾರನ ಕಡೆಯವನು ತನ್ನ ತಂಗಿಯನ್ನು ನೋಡುವ ರೀತಿ ಅವನ ಕಣ್ಣಿಗೆ ಬೀಳುತ್ತದೆ. ಕೊಡಲಿ ಎತ್ತಿ ತಂಗಿಯನ್ನೇ ಕಡಿದು ಹಾಕುತ್ತಾನೆ. ಆಮೇಲೆ ಆಕಾಶ ನೋಡಿ ಕಿರುಚುತ್ತಾನೆ. ಸಿನಿಮಾದ ಉದ್ದಕ್ಕೂ ತಡೆದಿಟ್ಟ ದನಿ ಅದು. ಥಿಯೇಟರಿನಲ್ಲಿ ಕೂತವರು ನಡುಗಿಹೋಗುತ್ತಾರೆ.

ನನ್ನ ತಕರಾರು ಇರುವುದೂ ಇಲ್ಲೇ. ಆ ತಂಗಿ ಏನು ಹೇಳುತ್ತಿದ್ದಳು? ಅವಳನ್ನು ಯಾರೂ ಕೇಳಲಿಲ್ಲ. ನಾಗಿಗೆ ಆದದ್ದು ಇವಳಿಗೂ ಆಗುತ್ತದೆ ಅಂತ ಅಣ್ಣ ತೀರ್ಮಾನಿಸಿದ. ಬದುಕಬೇಕೋ ಬೇಡವೋ ಅಂತಲೂ ಅವನೇ ತೀರ್ಮಾನಿಸಿದ. ಲಹನ್ಯಾನ ಕೂಗಿನ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಆ ಹುಡುಗಿಯ ಬಗ್ಗೆ ಬರೆದದ್ದು ಕಡಿಮೆ. ‘ಆಕ್ರೋಶ್’ ನಾನು ತುಂಬಾ ಪ್ರೀತಿಸುವ ಸಿನಿಮಾ. ಪ್ರೀತಿಸುವುದರಿಂದಲೇ ಈ ಪ್ರಶ್ನೆ ಕೇಳುತ್ತೇನೆ.

ಇನ್ನು 1984ರ ‘ಮೋಹನ್ ಜೋಶಿ ಹಾಜಿರ್ ಹೋ!’. ಸಯೀದ್ ಅಖ್ತರ್ ಮಿರ್ಜಾ ಅವರ ಸಿನಿಮಾ. ಮುಂಬಯಿಯ ಒಂದು ಹಳೇ ಚಾಳು, ಅಂದರೆ ಸಾಲು ಬಾಡಿಗೆ ಕೋಣೆಗಳ ಕಟ್ಟಡ. ಗೋಡೆ ಕುಸಿಯುತ್ತಿದೆ, ಸೂರು ಸೋರುತ್ತಿದೆ. ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಮೋಹನ್ ಜೋಶಿ ಅನ್ನುವ ವಯಸ್ಸಾದ ಬಾಡಿಗೆದಾರ ಹೆಂಡತಿಯ ಜೊತೆ ಸೇರಿ ಮಾಲೀಕನ ಮೇಲೆ ಕೇಸು ಹಾಕುತ್ತಾನೆ. ಮಾಲೀಕ ಯಾಕೆ ಹಾಗೆ ಮಾಡುತ್ತಾನೆ ಅನ್ನುವುದಕ್ಕೂ ಕಾರಣ ಇದೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಬಡ ಬಾಡಿಗೆದಾರರು ಉಳಿಯಲಿ ಅಂತ ಮಾಡಿದ ಕಾನೂನು. ಬರುವ ಬಾಡಿಗೆ ಏನೂ ಸಾಲದು ಅಂತ ಮಾಲೀಕರು ರಿಪೇರಿ ನಿಲ್ಲಿಸಿದರು. ಅತ್ತ ನೆಲದ ಬೆಲೆ ಗಗನಕ್ಕೇರಿತು. ಕಟ್ಟಡ ಬಿದ್ದರೆ ಮಾಲೀಕನಿಗೆ ಲಾಭ. ಅವನು ಯಾರನ್ನೂ ಹೊರಗೆ ಹಾಕಬೇಕಿಲ್ಲ, ಸುಮ್ಮನೆ ಕಾಯುತ್ತಾ ಕೂತರೆ ಸಾಕು. ಕೋರ್ಟಿನ ವಾಯಿದೆಗಳು ಅವನಿಗೆ ಬೇಕಾದ ಆ ಕಾಲವನ್ನು ಒದಗಿಸಿಕೊಡುತ್ತವೆ. ನ್ಯಾಯ ತಡವಾಗುತ್ತಿದೆ ಅಂತ ಎಲ್ಲರೂ ಗೊಣಗುತ್ತೇವೆ, ಆ ತಡದಿಂದ ಬದುಕುವವರು ಯಾರು ಅಂತ ಈ ಸಿನಿಮಾದಷ್ಟು ನೇರವಾಗಿ ತೋರಿಸಿದ್ದು ಹಿಂದಿಯಲ್ಲಿ ನಾನು ಬೇರೆ ನೋಡಿಲ್ಲ.

ಜೋಶಿಯ ವಕೀಲರಾಗಿ ನಸೀರುದ್ದೀನ್ ಶಾ ಮತ್ತು ಸತೀಶ್ ಶಾ. ವರ್ಷಗಳು ಉರುಳುತ್ತವೆ. ವಕೀಲರು ದುಡ್ಡು ಮಾಡಿಕೊಳ್ಳುತ್ತಾರೆ, ಕಕ್ಷಿದಾರ ಬಡವಾಗುತ್ತಾನೆ. ಕೊನೆಗೆ ಜಡ್ಜ್ ಸ್ವತಃ ಕಟ್ಟಡ ನೋಡಲು ಬರುತ್ತಾರೆ. ಅಷ್ಟರಲ್ಲಿ ಮಾಲೀಕನ ಕಡೆಯವರು ಅಲ್ಲಲ್ಲಿ ಆಸರೆ ಕೊಟ್ಟು ಕಟ್ಟಡವನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಎಲ್ಲ ಸರಿಯಾಗಿದೆ ಅಂತ ಜಡ್ಜ್ ಹೊರಟರೆ ಇಷ್ಟು ವರ್ಷ ಅಲೆದದ್ದೆಲ್ಲ ಹೋಯಿತು. ಜೋಶಿ ಆ ಆಸರೆಯನ್ನು ಕೈಯಾರೆ ಕಿತ್ತು ಹಾಕುತ್ತಾನೆ. ಕಟ್ಟಡ ಅವನ ಮೇಲೇ ಬೀಳುತ್ತದೆ. ಬಾಯಿಮಾತನ್ನು ಕೋರ್ಟು ಕೇಳಲಿಲ್ಲ, ಹಾಗಾಗಿ ತನ್ನ ಮೈಯನ್ನೇ ಸಾಕ್ಷಿಯಾಗಿ ಹಾಜರುಪಡಿಸಿದ.

ಈ ಜೋಶಿಯ ಪಾತ್ರ ಮಾಡಿದವರು ‘ತಮಸ್’ ಕಾದಂಬರಿ ಬರೆದ ಭೀಷ್ಮ ಸಾಹ್ನಿ. 1953ರ ಶಂಭು ಬಲರಾಜ್ ಸಾಹ್ನಿ ಅವರ ತಮ್ಮ. ಅಣ್ಣ ಹೊಲ ಕಳೆದುಕೊಂಡ, 31 ವರ್ಷದ ಮೇಲೆ ತಮ್ಮ ಮನೆ ಕಳೆದುಕೊಂಡ. ಇಬ್ಬರೂ ಕಾನೂನನ್ನು ನಂಬಿ ಕೋರ್ಟಿಗೆ ಹೋದವರೇ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಮಥುರಾ ಅನ್ನುವ ಹುಡುಗಿಯ ಪ್ರಕರಣವನ್ನು ನೀವು ಓದಿರುತ್ತೀರಿ. 1972ರಲ್ಲಿ ಪೊಲೀಸ್ ಠಾಣೆಯೊಳಗೇ ನಡೆದ ಅತ್ಯಾಚಾರ. ಹುಡುಗಿಯ ಮೈಮೇಲೆ ಪ್ರತಿಭಟಿಸಿದ ಗಾಯ ಇಲ್ಲ ಅಂತ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಸೇರಿದಂತೆ ನಾಲ್ಕು ಮಂದಿ ಕಾನೂನು ಅಧ್ಯಾಪಕರು 1979ರಲ್ಲಿ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿದ್ದಳು ಅಂದರೆ ಒಪ್ಪಿದಳು ಅಂತಲ್ಲ ಅನ್ನುವುದು ಅವರ ವಾದ. ದೇಶದ ಉದ್ದಕ್ಕೂ ಹೆಂಗಸರು ಬೀದಿಗೆ ಇಳಿದರು. 1983ರಲ್ಲಿ ಕಾನೂನು ಬದಲಾಯಿತು. ಮೇಷ್ಟರ ಪತ್ರವೊಂದು ಕಾನೂನು ಬದಲಿಸುವ ದಾರಿ ತೆರೆದ ಕಥೆ ಇದು. ಇದರ ಮೇಲೆ ಯಾಕೆ ಯಾರೂ ಒಳ್ಳೆಯ ಹಿಂದಿ ಸಿನಿಮಾ ಮಾಡಲಿಲ್ಲ ಅಂತ ನನಗೆ ಯಾವತ್ತೂ ಬೇಸರ.

2016ರ ‘ಪಿಂಕ್’ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ದಿಲ್ಲಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಮೂರು ಹುಡುಗಿಯರು. ಬೇಡ ಅಂದರೂ ಮೈಮುಟ್ಟಿದವನ ವಿರುದ್ಧ ದೂರು ಕೊಡಬೇಕಾದವರೇ ಆರೋಪಿಗಳಾಗುತ್ತಾರೆ. ಕೋರ್ಟಿನಲ್ಲಿ ಅವರ ಕುಡಿತ, ಅವರ ನಗು, ಮನೆಗೆ ಬರುವ ಹೊತ್ತು ಎಲ್ಲದರ ವಿಚಾರಣೆ ನಡೆಯುತ್ತದೆ. ಬೇಡ ಅಂದರೆ ಬೇಡ, ಅದಕ್ಕೆ ವಿವರಣೆ ಬೇಕಿಲ್ಲ ಅನ್ನುವ ಮಾತು ಈ ಸಿನಿಮಾದಿಂದ ಮನೆಮನೆಗೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಅದನ್ನು ಹೇಳುವುದು ಅಮಿತಾಭ್ ಬಚ್ಚನ್ ಅವರ ವಕೀಲ ಪಾತ್ರ. ಬೇಡ ಅಂದ ಹುಡುಗಿ ಮೀನಲ್ ಪಕ್ಕದಲ್ಲೇ ಕೂತಿರುತ್ತಾಳೆ. ನನಗೆ ಜಾಸ್ತಿ ತಾಗುವುದು ಫಲಕ್ ಅನ್ನುವ ಇನ್ನೊಬ್ಬ ಹುಡುಗಿ ಸಿಡಿಯುವ ಗಳಿಗೆ. ನೀವು ದುಡ್ಡು ತಗೊಂಡಿದ್ದೀರಿ ಅಂತ ಎದುರು ವಕೀಲ ಮತ್ತೆ ಮತ್ತೆ ಚುಚ್ಚುತ್ತಾನೆ. ಸಹಿಸಲಾಗದೆ ಹೌದು, ತಗೊಂಡಿದ್ದೇವೆ ಅನ್ನುತ್ತಾಳೆ. ಆಮೇಲೂ ಅವಳು ಬೇಡ ಅಂದರೆ ಮುಟ್ಟಬಹುದಾ ಅಂತ ತಿರುಗಿ ಕೇಳುತ್ತಾಳೆ. ಕೀರ್ತಿ ಕುಲ್ಹರಿ ಅವರ ದನಿ ಅಲ್ಲಿ ಒಡೆಯುತ್ತದೆ. ಇಡೀ ವಾದದ ತಿರುಳು ಆ ಒಡೆದ ದನಿಯಲ್ಲಿದೆ.

ಅನುಭವ್ ಸಿನ್ಹಾ ಅವರ ‘ಥಪ್ಪಡ್’ 2020ರದು. ಗಂಡ ಪಾರ್ಟಿಯಲ್ಲಿ ನಾಲ್ಕು ಜನರ ಮುಂದೆ ಹೆಂಡತಿಗೆ ಒಂದು ಏಟು ಹೊಡೆಯುತ್ತಾನೆ. ಒಂದೇ ಏಟು ತಾನೇ, ಹೊಂದಿಕೊಂಡು ಹೋಗಮ್ಮ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ದೊಡ್ಡ ಕೋರ್ಟ್ ದೃಶ್ಯ ಇಲ್ಲ. ತೀರ್ಪು ನೀಡುವವರು ಅಮ್ಮ, ಅತ್ತೆ, ಅಕ್ಕಪಕ್ಕದವರು. ಅಮೃತಾ ತನ್ನ ಮಾತನ್ನು ತಾನೇ ಆಡುತ್ತಾಳೆ, ಅದೂ ಅತ್ತೆಯ ಮುಂದೆ, ಮನೆಯೊಳಗೆ. ಅವಳ ಅಪ್ಪ ತುಂಬಾ ಒಳ್ಳೆಯವನು, ಮಗಳ ಜೊತೆ ಗಟ್ಟಿಯಾಗಿ ನಿಲ್ಲುತ್ತಾನೆ. ಆಮೇಲೆ ಒಂದು ದಿನ ಗೊತ್ತಾಗುತ್ತದೆ, ಅವನ ಹೆಂಡತಿ ಹಾಡುತ್ತಿದ್ದವಳು, ಮದುವೆಯಾದ ಮೇಲೆ ಸಂಸಾರದ ನಡುವೆ ಹಾಡು ಬಿಟ್ಟವಳು. ಯಾಕೆ ಬಿಟ್ಟೆ ಅಂತ ಅವನು ಯಾವತ್ತೂ ಕೇಳಿರಲಿಲ್ಲ. ಹೊಡೆಯದ ಮನೆಯಲ್ಲೂ ಹೆಣ್ಣಿನ ದನಿ ಹೀಗೆ ಅಡಗುತ್ತದೆ ಅಂತ ಎಷ್ಟು ಮೆಲ್ಲಗೆ ಹೇಳಿದ್ದಾರೆ ನೋಡಿ.

ಅದೇ ನಿರ್ದೇಶಕರ ‘ಆರ್ಟಿಕಲ್ 15’ರಲ್ಲಿ ಮೂರು ರೂಪಾಯಿ ಕೂಲಿ ಜಾಸ್ತಿ ಕೇಳಿದ ದಲಿತ ಹುಡುಗಿಯರನ್ನು ಕೊಂದು ಮರಕ್ಕೆ ನೇತುಹಾಕುತ್ತಾರೆ. ಜಾತಿ ಅಂದರೆ ಏನು ಅಂತ ನಗರದ ಯುವಕರಿಗೆ ಮುಟ್ಟಿಸಿದ ಸಿನಿಮಾ ಅದು. ಆದರೂ ಕಥೆ ನಡೆಯುವುದು ಮೇಲ್ಜಾತಿಯ ಪೊಲೀಸ್ ಅಧಿಕಾರಿಯ ಕಣ್ಣಿನಿಂದ. ‘ಜಾಲಿ ಎಲ್‌ಎಲ್‌ಬಿ’ಯಲ್ಲೂ ಅಷ್ಟೇ, ಫುಟ್‌ಪಾತ್‌ನಲ್ಲಿ ಮಲಗಿದ್ದಾಗ ಕಾರು ಹರಿದು ಸತ್ತವರಿಗಿಂತ ವಕೀಲ ಜಾಲಿಯೇ ನಮಗೆ ಹತ್ತಿರವಾಗುತ್ತಾನೆ. ಸೌರಭ್ ಶುಕ್ಲಾ ಅವರ ಜಡ್ಜ್ ತ್ರಿಪಾಠಿ ಪಾತ್ರ ಮಾತ್ರ ಬಹಳ ಜೀವಂತ. ಪುಕ್ಕಲು, ಸಿಡುಕು, ಆದರೆ ಒಳಗೆ ಅಂತಃಕರಣ ಇರುವ ಜಡ್ಜ್.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: ‘ಹಾಗಾದ್ರೆ ವಕೀಲರು ಕಕ್ಷಿದಾರರ ಪರ ಮಾತಾಡೋದೇ ತಪ್ಪಾ ಮೇಡಂ? ನಮ್ಮ ಕೆಲಸವೇ ಅದಲ್ವಾ?’

ಖಂಡಿತ ತಪ್ಪಲ್ಲಮ್ಮ. ಅದಕ್ಕೆ ಹನ್ಸಲ್ ಮೆಹ್ತಾ ಅವರ ‘ಶಾಹಿದ್’ ನೋಡು. ಅದು ಶಾಹಿದ್ ಆಜ್ಮಿ ಅನ್ನುವ ಮುಂಬಯಿ ವಕೀಲರ ನಿಜ ಕಥೆ. ಟಾಡಾ ಅನ್ನುವ ಭಯೋತ್ಪಾದನೆ ತಡೆ ಕಾಯ್ದೆಯಲ್ಲಿ ಹುಡುಗನಾಗಿದ್ದಾಗಲೇ ಜೈಲು ಸೇರಿದವರು. ತಿಹಾರ್ ಜೈಲಿನಲ್ಲಿ ಇದ್ದುಕೊಂಡೇ ಓದಿದರು, ಬಿಡುಗಡೆಯಾದ ಮೇಲೆ ಕಾನೂನು ಕಲಿತು ಕರಿಕೋಟು ಹಾಕಿದರು. ಭಯೋತ್ಪಾದನೆಯ ಆರೋಪ ಹೊತ್ತ, ಬೇರೆ ವಕೀಲರು ಮುಟ್ಟಲು ಹೆದರುವ ಬಡವರ ಕೇಸು ಹಿಡಿದರು. ಆ ಸಿನಿಮಾದ ಕೋರ್ಟಿನಲ್ಲಿ ಭಾಷಣ ಇಲ್ಲ. ಇಕ್ಕಟ್ಟಾದ ಕೋಣೆ, ಕಡತದ ರಾಶಿ, ಇಬ್ಬರು ವಕೀಲರು ಒಬ್ಬರ ಮೇಲೊಬ್ಬರು ಕೂಗಾಡುವುದು, ಜಡ್ಜ್ ಇಬ್ಬರನ್ನೂ ಗದರಿಸುವುದು. ರಾಜ್‌ಕುಮಾರ್ ರಾವ್ ಮಾಡಿದ ಶಾಹಿದ್ ಪೊಲೀಸರ ಸಾಕ್ಷಿಯನ್ನು ಒಂದೊಂದೇ ಪ್ರಶ್ನೆ ಹಾಕಿ ಬಿಚ್ಚುತ್ತಾನೆ. ನಿಮ್ಮ ತಾಲ್ಲೂಕು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಕಾಣುವುದು ಇದೇ.

ಮುಂಬಯಿ ಮೇಲಿನ 26/11 ಭಯೋತ್ಪಾದಕ ದಾಳಿಯ ಕೇಸಿನಲ್ಲಿ ಆರೋಪಿಯಾಗಿದ್ದ ಫಹೀಮ್ ಅನ್ಸಾರಿಯ ಪರ ಶಾಹಿದ್ ವಾದಿಸುತ್ತಿದ್ದರು. 2010ರ ಫೆಬ್ರವರಿ 11ರಂದು ಕುರ್ಲಾದ ಅವರ ಆಫೀಸಿನಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ಮೇ ತಿಂಗಳಲ್ಲಿ ವಿಚಾರಣಾ ಕೋರ್ಟು ಅನ್ಸಾರಿಯನ್ನು ಆ ಕೇಸಿನಿಂದ ಖುಲಾಸೆ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೊದಲು ಸಿನಿಮಾ ನೋಡಿ, ಆಮೇಲೆ ಆ ತೀರ್ಪಿನಲ್ಲಿ ಅನ್ಸಾರಿಯ ಬಗ್ಗೆ ಬರೆದ ಭಾಗವನ್ನು ಹುಡುಕಿ ಓದಿ. ಮುಂದಿನ ಸಲ ಸೇರಿದಾಗ ಅದನ್ನೇ ಇಟ್ಟುಕೊಂಡು ಮಾತಾಡೋಣ.